ಕಾಗೆಯ ಪರೀಕ್ಷೆ

ಕಜ್ಜಿ ಹಿಡಿದ ಎಮ್ಮೆಯೊಂದಕ್ಕೆ ಒಡತಿ ದಿನವೂ ಹೊಂಗೆ ಎಣ್ಣೆ ಹಚ್ಚುತ್ತಿದ್ದಳು. ತನ್ನ ಬೆನ್ನು ತನಗೆ ಕಾಣದ್ದರಿಂದ ಎಮ್ಮೆಯು ಮೇಲೆ ಬಂದು ಕೂರುವ ಕಾಗೆಯನ್ನು, "ವಾಸಿಯಾಯಿತೇ?" ಎಂದು ಕೇಳುತ್ತಿತ್ತು. ಕಾಗೆ ಒಣಗುತ್ತಿದ್ದ ಹಕ್ಕಳೆಯನ್ನು ಕಿತ್ತು ನೋಡಿ, ಕೊಕ್ಕು ಒರೆಸಿಕೊಂಡು, "ಇಲ್ಲ, ಒಳಗಿನ್ನೂ ಹಸಿಯಾಗಿದೆ" ಎನ್ನುತ್ತಿತ್ತು.

ಬೇಸತ್ತ ಎಮ್ಮೆ ಒಂದು ದಿನ ಎಣ್ಣೆಯ ಕುಡಿಕೆಯನ್ನು ಒದ್ದು, ದನಗಳು ಮೈ ಉಜ್ಜಲೆಂದು ಗೋಮಾಳದಲ್ಲಿ ನೆಟ್ಟಿದ್ದ ಕಲ್ಲಿನ ಬಳಿಗೆ ಹೋಯಿತು. "ಆ ಎಣ್ಣೆಯಿಂದ ಏನೂ ಗುಣ ಕಾಣಲಿಲ್ಲ" ಎಂದು ಗೋಳಾಡಿತು.

ಕಲ್ಲು ಹೇಳಿತು: "ಮೊದಲು ತುರಿಕೆ ತಾಳಲಾರದೆ ಹೊತ್ತುಹೊತ್ತಿಗೂ ಬಂದು ನನಗೆ ಮೈ ತಿಕ್ಕುತ್ತಿದ್ದೆ. ಎಣ್ಣೆ ಹಚ್ಚಿದ ಮೇಲೆ ಇತ್ತ ಸುಳಿದೇ ಇಲ್ಲ. ಈಗ ನಿನಗೆ ನೋಯುವುದಾದರೂ ಎಲ್ಲಿ?"

ಎಮ್ಮೆ ಕಲ್ಲಿಗೆ ಮೆಲ್ಲಗೆ ಮೈ ತಾಗಿಸಿ ನೋಡಿತು. ಆಮೇಲೆ, "ಕಾಗೆ ಕೂರುವಲ್ಲಿ ಮಾತ್ರ" ಎಂದಿತು.

ಅಷ್ಟರಲ್ಲಿ ಕಾಗೆ ಹಾರಿಬಂದು, "ನೋಡಲೇ?" ಎಂದಿತು.

ಎಮ್ಮೆ ಕಾಗೆಯತ್ತ ಬಾಲ ಬೀಸಿತು.