ಔಷಧದ ಪುಟ

ಔಷಧ ಕಂಪನಿಗಳ ಷೇರು ಮುಳುಗುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಜನರಿಗೆ ಕಾಯಿಲೆ ತಪ್ಪುವುದಿಲ್ಲವಲ್ಲ ಎಂಬುದು ಅವರ ವಾದ. ವಾದ ಚೆನ್ನಾಗಿತ್ತು. ಹಾಗಾಗಿ ಯಾರೂ ಅದನ್ನು ಪರೀಕ್ಷಿಸಲು ಹೋಗಿರಲಿಲ್ಲ.

ನದಿ ದಡದ ಆಶ್ರಮಕ್ಕೂ ಆ ನಂಬಿಕೆ ಬಂದು ತಲುಪಿತ್ತು.

ಬೆಳಗಿನ ಮಂಜಿನಲ್ಲಿ ಶಿಷ್ಯ ಪಂಪಣ್ಣ ಹರಿಗೋಲಿಗೆ ಒಂದು ಕಾಲಿಟ್ಟಿದ್ದ. ಆಚೆ ದಡ ಇರಲಿಲ್ಲ. ನೀರು ಇದೆಯೆಂಬುದೂ ಸದ್ದಿನಿಂದಷ್ಟೇ ತಿಳಿಯುತ್ತಿತ್ತು. ಹರಿಗೋಲು ಬಿಳಿಯ ಬಯಲಿನಲ್ಲಿ ಯಾರೋ ತೂಗುಬಿಟ್ಟಂತೆ ಮೆಲ್ಲಗೆ ಅಲುಗುತ್ತಿತ್ತು.

ಗುರು ಕಲ್ಲಿನ ಮೇಲೆ ಕೂತು ಹಲ್ಲುಜ್ಜುತ್ತಿದ್ದರು.

"ಇಷ್ಟು ಬೇಗ ಎಲ್ಲಿಗೆ?"

"ಆಚೆ ದಡಕ್ಕೆ, ಗುರುಗಳೇ. ಅಕ್ಕ ಕಾಯುತ್ತಿದ್ದಾಳೆ. ಭಾವ ತೀರಿಕೊಂಡಾಗ ಬಂದ ಹಣವನ್ನು ಷೇರಿಗೆ ಹಾಕುತ್ತಿದ್ದಾಳೆ. ಕಂಪನಿಗಳನ್ನು ಆರಿಸಿದ್ದು ನಾನು. ಈ ಅರ್ಜಿಗೆ ಅವಳು ಸಹಿ ಹಾಕಿದರೆ ಮುಗಿಯಿತು."

"ಎಷ್ಟು ಹಣ?"

"ಇರುವುದೆಲ್ಲ. ನೂಲಿನ ಗಿರಣಿಯಲ್ಲಿ ನಿಂತು ನಿಂತು ಅವಳ ಕಾಲುಗಳು ಬಾತುಕೊಂಡಿವೆ. ಇನ್ನಾದರೂ ಕೂತು ಉಣ್ಣಲಿ."

"ಮುಳುಗಿದರೆ?"

"ಮತ್ತೆ ಗಿರಣಿ. ಆದರೆ ಮುಳುಗುವುದಿಲ್ಲ. ಒಂದೇ ಕಂಪನಿಯನ್ನು ನಂಬಿ ಕೂರಲು ನಾನೇನು ದಡ್ಡನೇ? ಹನ್ನೆರಡು ಕಂಪನಿ. ಹನ್ನೆರಡೂ ಔಷಧದವು."

ಪಂಪಣ್ಣ ಹೆಗಲ ಚೀಲದಿಂದ ಷೇರು ಪೇಟೆಯ ಕೈಪಿಡಿಯನ್ನು ತೆಗೆದು ತೋರಿಸಿದ. ಸಿಮೆಂಟಿಗೆ ಒಂದು ಪುಟ, ಸಕ್ಕರೆಗೆ ಒಂದು ಪುಟ, ಔಷಧಕ್ಕೆ ಒಂದು ಪುಟ. ಔಷಧದ ಪುಟದಲ್ಲಿದ್ದ ಅಷ್ಟೂ ಹೆಸರುಗಳನ್ನು ಅವನು ಅರ್ಜಿಗೆ ಇಳಿಸಿಕೊಂಡಿದ್ದ.

ಗುರು ಪುಸ್ತಕದತ್ತ ನೋಡಲಿಲ್ಲ.

"ಹತ್ತನೆಯದು ಏನು ಮಾಡುತ್ತದೆ?"

"ಔಷಧ."

"ಯಾವ ಔಷಧ?"

"ಅದು... ಔಷಧದ ಪುಟದಲ್ಲಿದೆ, ಗುರುಗಳೇ."

"ಗಾಜಿನ ಬಳೆ ಮಾಡುತ್ತದೆ. ಹನ್ನೊಂದನೆಯದು ಕಾರ್ಖಾನೆ ಮುಚ್ಚಿ ಅದೇ ಜಾಗದಲ್ಲಿ ಮದುವೆ ಛತ್ರ ನಡೆಸುತ್ತಿದೆ. ಹನ್ನೆರಡನೆಯದು ಏನು ಮಾಡುತ್ತದೆಂದು ಅದರ ಮಾಲೀಕನನ್ನೇ ಕೇಳಿದ್ದಾಯಿತು. ಅವನಿಗೂ ಖಚಿತವಿರಲಿಲ್ಲ."

ಪಂಪಣ್ಣ ನಕ್ಕ. "ಇದೆಲ್ಲ ಧ್ಯಾನದಲ್ಲಿ ಕಾಣುತ್ತದೆಯೇ ತಮಗೆ?"

"ಧ್ಯಾನದಲ್ಲಿ ನನಗೆ ನಿದ್ದೆ ಬರುತ್ತದೆ."

"ಸರಿ, ಮೊದಲ ಒಂಬತ್ತು?"

"ಅಪ್ಪಟ ಔಷಧ. ಒಂಬತ್ತಕ್ಕೂ ಮದ್ದಿನ ಪುಡಿ ಬರುವುದು ಒಂದೇ ಊರಿನ ಒಂದೇ ಕಾರ್ಖಾನೆಯಿಂದ. ಅದಕ್ಕೆ ಬೀಗ ಬಿದ್ದ ದಿನ ಒಂಬತ್ತೂ ಒಟ್ಟಿಗೆ ಮಲಗುತ್ತವೆ."

ಮಂಜಿನೊಳಗಿಂದ ಒಂದು ದನಿ ಬಂತು, ನದಿಯೇ ಕರೆದಂತೆ.

"ತಮ್ಮಾ... ಹೊರಟ್ಯೇನೋ?"

ಅಕ್ಕನ ದನಿ. ಪಂಪಣ್ಣ ಗುರುಗಳತ್ತ ತಿರುಗಿದ. ಅವನಿಗೆ ಸಿಟ್ಟು ಬಂದಿತ್ತು.

"ಬಲ್ಲವರು ಕೂತು ವಿಂಗಡಿಸಿದ ಪಟ್ಟಿ ಇದು. ಅಚ್ಚಾಗಿ ದೇಶವೆಲ್ಲ ಓದುತ್ತಿದೆ. ನೀವು ಹಲ್ಲುಜ್ಜುತ್ತಾ ತಳ್ಳಿಹಾಕುತ್ತೀರಿ."

"ಬಲ್ಲವರು ಅಂತ ಯಾರೂ ಇರಲಿಲ್ಲ, ಪಂಪಣ್ಣ. ಮೇಜಿನ ಮುಂದೆ ಒಬ್ಬನೇ ಕೂತಿದ್ದ. ಕಾವಿ ಉಡುವ ಮೊದಲು ಆ ಪಟ್ಟಿ ಮಾಡುವುದೇ ನನ್ನ ನೌಕರಿ."

ಹರಿಗೋಲು ಅವನ ಕಾಲನ್ನು ನೀರಿನತ್ತ ಎಳೆಯುತ್ತಿತ್ತು. ಅವನು ಇನ್ನೂ ಹಾಗೇ ನಿಂತಿದ್ದ, ಅರ್ಧ ದಡದಲ್ಲಿ, ಅರ್ಧ ಮಂಜಿನಲ್ಲಿ.

"ತಮ್ಮಾ..." ದನಿ ಮತ್ತೆ ಬಂತು. ಈ ಸಲ ಇನ್ನೂ ದೂರದಿಂದ.

ಪಂಪಣ್ಣ ಕಾಲನ್ನು ದಡಕ್ಕೆ ತೆಗೆದುಕೊಂಡ.

"ಹಾಗಾದರೆ ಬಳೆಯವರನ್ನು ಔಷಧಕ್ಕೆ ಸೇರಿಸಿದ್ದು ನೀವೇ?"

"ಬಳೆಯವರನ್ನೂ, ಛತ್ರದವರನ್ನೂ, ಆ ಇನ್ನೊಬ್ಬನನ್ನೂ."

"ಯಾಕೆ?"

ಗುರು ಬಾಯಿ ಮುಕ್ಕಳಿಸಿದರು.

"ಆ ಪುಟದಲ್ಲಿ ಮೂರು ಸಾಲು ಖಾಲಿ ಇದ್ದವು."