ಬೋಳಗಲ್ಲಿನ ಉಡಿತೋಟ

ಬೋಳಗಲ್ಲಿನ ತೋಟವನ್ನು ಹೊತ್ತು ತಂದವರಿಗೇ ಅದರ ಬಾಗಿಲು ಮುಚ್ಚಿದ್ದಾರೆ. ಹೆಸರನ್ನೂ ಕದ್ದಿದ್ದಾರೆ. ಈಚೆಗೆ ನಿಲ್ಲಿಸಿದ ಫಲಕದ ಮೇಲೆ ‘ನಾಯಕ ವಿಲಾಸ’ ಎಂದಿದೆ. ಒಂದು ಬುಟ್ಟಿ ಮಣ್ಣನ್ನೂ ಹೊರದ ನಾಯಕನ ಹೆಸರು ಅದು. ಆದರೆ ತೋಟ ಸುಳ್ಳು ಹೇಳುವುದಿಲ್ಲ. ಲೋಕದಲ್ಲಿ ಜನ ಕಡಲು ದಾಟಿ ಹೋಗಿ ನೋಡುವ ತೋಟಗಳು ಬಹಳ ಇವೆ. ಬರಿಯ ಬಂಡೆಯ ನೆತ್ತಿಯ ಮೇಲೆ ಹೀಗೆ ಚಿಗುರಿದ್ದು ಅಪರೂಪ. ಮೆಟ್ಟಿಲು ಮುಗಿಯುವ ಮೊದಲೇ ಸಂಪಿಗೆಯ ವಾಸನೆ ಎದುರುಗೊಳ್ಳುತ್ತದೆ. ಸುತ್ತ ಕಾದ ಕಲ್ಲು, ನಡುವೆ ಪಾರಿಜಾತ, ದಾಳಿಂಬೆ, ಮಲ್ಲಿಗೆ, ಕಾಲಿಟ್ಟರೆ ತಂಪು. ಬಾಗಿಲಿನಿಂದ ನಡುವಿನ ಸಂಪಿಗೆಯವರೆಗೆ ಮಾತ್ರ ಒಂದು ಪಟ್ಟಿಯಷ್ಟು ಜಾಗ ಬೋಳು, ಅಲ್ಲಿ ಹುಲ್ಲೂ ಇಲ್ಲ. ಈ ತೋಟದ ನಿಜವಾದ ಫಲಕ ಅದೇ.

ಹಿಂದೆ ಒಮ್ಮೆ ಈ ಗುಡ್ಡದ ಮೇಲೆ ಓತಿಕ್ಯಾತಕ್ಕೂ ನೆರಳಿರಲಿಲ್ಲ ಎನ್ನುತ್ತಾರೆ. ಕೋಟೆಯ ನಾಯಕ ತೆಂಕಣ ಸೀಮೆಯ ಸಿರಿಯವ್ವನನ್ನು ಮದುವೆಯಾಗಿ ತಂದ. ಹಸಿರು ಕಾಣದೆ ಆಕೆ ಸೊರಗಿದಳು. ತೋಟವಾಗಲಿ ಎಂದ ನಾಯಕ. ಅವನು ಮಾಡಿದ್ದು ಅಷ್ಟೇ. ಕೆಳಗಿನ ಕೆರೆಯ ಗೋಡು ಮಣ್ಣನ್ನು ಹೊತ್ತವರು ಕೇರಿಯ ಹೆಂಗಸರು, ಅವರ ಮುಂದಾಳು ದುರುಗವ್ವ. ಬುಟ್ಟಿ ಹರಿದರೆ ಸೆರಗನ್ನೇ ಉಡಿ ಮಾಡಿ ಹೊತ್ತರು. ದುರುಗವ್ವನ ಮಗಳು ಮಾರೆವ್ವ ನಡೆಯಲು ಕಲಿತದ್ದೇ ಆ ಮೆಟ್ಟಿಲುಗಳ ಮೇಲೆ. ಅವಳು ಬೆಳೆದು, ಮದುವೆಯಾಗಿ, ಚೊಚ್ಚಲ ಬಸುರಿಯಾಗುವ ಹೊತ್ತಿಗೆ ಸಂಪಿಗೆ ಮೈತುಂಬ ಹೂ ಬಿಟ್ಟಿತ್ತು, ಬಾಗಿಲಿಗೆ ಅಗುಳಿಯೂ ಬಿದ್ದಿತ್ತು. ಮಗಳ ಉಡಿಯನ್ನು ಆ ಸಂಪಿಗೆಯ ನೆರಳಲ್ಲೇ ತುಂಬಬೇಕೆಂಬುದು ದುರುಗವ್ವನ ಒಂದೇ ಆಸೆ.

“ಮಣ್ಣುಗಾಲಲ್ಲಿ ಎತ್ತ ಹೊಂಟಿಯವ್ವ? ಇದು ದೊರೆಗಳ ತೋಟ,” ಎಂದ ಕಾವಲಿನವ.

“ಈ ಕಾಲೇ ಕಣಪ್ಪ ನಿಮ್ಮ ತೋಟನ ಗುಡ್ಡ ಹತ್ತಿಸಿದ್ದು. ಆವಾಗ ಯಾರೂ ತೊಳಕೊಂಡು ಬಾ ಅನ್ನಲಿಲ್ಲ,” ಎಂದಳು ದುರುಗವ್ವ.

ಅವನು ಈಟಿ ಅಡ್ಡ ಹಿಡಿದ. ದುರುಗವ್ವ ಕಲ್ಲು ಎತ್ತಲಿಲ್ಲ, ಕೇರಿಯ ಹೆಂಗಸರನ್ನು ಕೂಡಿಸಿದಳು. ಉಡಿಯೊಡ್ಡಿ ನಿಂತ ಹೆಣ್ಣುಮಗಳನ್ನು ಬರಿಯುಡಿಯಲ್ಲಿ ಕಳಿಸಬಾರದು ಎಂಬುದು ಆ ಸೀಮೆಯ ಕಟ್ಟು. ಗುಡಿಸಲಿಗೂ ಅದೇ, ಅರಮನೆಗೂ ಅದೇ. ಶುಕ್ರವಾರ ಸಿರಿಯವ್ವ ತೋಟಕ್ಕೆ ಬಂದಾಗ ಕೇರಿಯ ಹೆಂಗಸರೆಲ್ಲ ಬಾಗಿಲಲ್ಲಿ ಸಾಲಾಗಿ ಉಡಿಯೊಡ್ಡಿ ನಿಂತಿದ್ದರು. ಆಕೆ ಅಕ್ಕಿ, ಕೊಬ್ಬರಿ ತರಿಸಹೋದಳು.

“ಅಕ್ಕಿ ಬ್ಯಾಡ ತಾಯಿ,” ಎಂದಳು ದುರುಗವ್ವ. “ನಾವು ಹೊತ್ತು ತಂದದ್ದನ್ನೇ ತುಂಬಿಕೊಡು. ತೋಟ ನಿಂದು, ಮಣ್ಣು ನಮ್ದು.”

ಕಾವಲಿನವ ನಕ್ಕ. ಸಿರಿಯವ್ವ ನಗಲಿಲ್ಲ. ಕಟ್ಟು ಮುರಿಯಲಾರದೆ ಬಾಗಿಲ ಬಳಿ ಕೂತು ಬೊಗಸೆಯಿಂದ ಮಣ್ಣು ತೋಡಿ ಉಡಿಗೆ ತುಂಬತೊಡಗಿದಳು. ಸಾಲು ಸರಿದಂತೆ ಮಣ್ಣು ಕರಗಿ ಬಂಡೆ ಬಯಲಾಯಿತು. ಉಗುರು ಮುರಿಯಿತು, ಸಾಲು ಮುಗಿಯಲಿಲ್ಲ. ತೋಡುತ್ತ ತೋಡುತ್ತ ಒಳಗೊಳಗೆ ಸರಿದು ಸಂಪಿಗೆಯ ಬೇರು ಕೈಗೆ ತಾಗಿದಾಗ ಬಾಗಿಲಲ್ಲಿ ಕೊನೆಯವಳಾಗಿ ಮಾರೆವ್ವ, ತುಂಬಿದ ಬಸುರಿನ ಮೇಲೆ ಸೆರಗೊಡ್ಡಿ ನಿಂತಿದ್ದಳು. ಇನ್ನೊಂದು ಬೊಗಸೆ ತೆಗೆದರೆ ಮರ ಉರುಳುತ್ತದೆ. ತೆಗೆಯದಿದ್ದರೆ ಚೊಚ್ಚಲ ಬಸುರಿ ಬರಿಯುಡಿಯಲ್ಲಿ ಮರಳುತ್ತಾಳೆ. ಆ ಮರವನ್ನು ಮಗಳಷ್ಟೇ ಜೋಪಾನವಾಗಿ ಸಾಕಿದವಳು ದುರುಗವ್ವನೇ.

ಸಿರಿಯವ್ವ ಎದ್ದು ಬಾಗಿಲಿಗೆ ಬಂದು ಮಣ್ಣುಗೈಯಲ್ಲೇ ಮಾರೆವ್ವನ ಕೈ ಹಿಡಿದಳು. “ಒಳಕ್ಕೆ ಬಾರವ್ವ ನನ್ನ ಮಗಳೆ,” ಎಂದು ನೆರಳಿಗೆ ಎಳೆದುಕೊಂಡು, ಉದುರಿದ ಸಂಪಿಗೆಯನ್ನೆಲ್ಲ ಬಾಚಿ ಉಡಿ ತುಂಬಿದಳು. ಕಾವಲಿನವನತ್ತ ತಿರುಗಿ, “ಅಗುಳಿ ಕಿತ್ತು ಬಿಸಾಕೋ!” ಎಂದಳು. ಹೆಂಗಸರು ತಮ್ಮ ಉಡಿಯ ಮಣ್ಣನ್ನು ಮರದ ಬುಡಕ್ಕೆ ಸುರಿದರು. ತೋಡಿದ ಜಾಗವನ್ನು ಮಾತ್ರ ಮುಚ್ಚಬೇಡಿ, ನಮ್ಮ ಮೊಮ್ಮಕ್ಕಳು ನೋಡಲಿ ಎಂದಳಂತೆ ಸಿರಿಯವ್ವ. ಅಂದಿನಿಂದ ಅದು ಉಡಿತೋಟ.

ಬೋಳು ಪಟ್ಟಿಯೂ ಸಂಪಿಗೆಯ ಬುಡದ ಮಣ್ಣಿನ ದಿಬ್ಬವೂ ಇಂದಿಗೂ ಹಾಗೆಯೇ ಇವೆ. ಅಗುಳಿ ಮಾತ್ರ ಮತ್ತೆ ಬಂದಿದೆ. ಉಡಿ ತುಂಬಲು ಬಂದ ಕೇರಿಯವರನ್ನು, ತೋಟ ಕೊಳಕಾಗುತ್ತದೆಂದು ಹೊರಗೆ ನಿಲ್ಲಿಸುತ್ತಾರೆ. ನೀವು ಹೋಗಿ, ಆ ಚೆಲುವನ್ನು ಕಣ್ತುಂಬ ನೋಡಿ. ಆದರೆ ಸೆರಗಿನಲ್ಲೋ ಟವೆಲ್ಲಿನಲ್ಲೋ ಸಂಪಿಗೆಯ ಬುಡಕ್ಕೆಂದು ಒಂದು ಹಿಡಿ ಮಣ್ಣು ಕಟ್ಟಿಕೊಂಡು ಹೋಗಿ. ಬಾಗಿಲಲ್ಲಿ ಬಸುರಿ ಹೆಣ್ಣುಮಗಳು ನಿಂತಿದ್ದರೆ ಅವಳ ಕೈ ಹಿಡಿಯಿರಿ. ಅವಳನ್ನು ಒಳಗೆ ಬಿಡುವ ತನಕ ನೀವೂ ಒಳಗೆ ಹೋಗಬೇಡಿ.