ಮೂಟೆ ಇಳಿಸಿದ ತೂಕ

"ಗುರುಗಳೇ, ಕೋಪ ಬಿಡಿ ಎಂದು ಮೂರು ವರ್ಷದಿಂದ ಪ್ರವಚನ ಹೇಳುತ್ತಿದ್ದೇನೆ. ಕೇಳಿದವರಲ್ಲಿ ಎಷ್ಟೋ ಜನ ಬಿಟ್ಟರು. ನನ್ನ ಕೋಪ ಮಾತ್ರ ಏಕೆ ಇಳಿಯಲಿಲ್ಲ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಆ ಬೆಳಿಗ್ಗೆ ಅಂಬಲಿಗೆ ಉಪ್ಪು ಕಡಿಮೆಯಾಯಿತೆಂದು ಅವನು ಅಡುಗೆಯವನ ಮೇಲೆ ಬಟ್ಟಲು ಎಸೆದಿದ್ದ. ಬಟ್ಟಲು ಹಿತ್ತಾಳೆಯದು. ಅಡುಗೆಯವನು ನಕ್ಕು ಅದನ್ನು ಎತ್ತಿಟ್ಟಿದ್ದ. ಆ ಅಡುಗೆಯವನು ಮರುಳಯ್ಯನ ಪ್ರವಚನವನ್ನು ಒಂದು ದಿನವೂ ತಪ್ಪಿಸದವನು.

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅವನ ತೂಕ ಹತ್ತು ಮಣ. ಇದು ಊರವರ ಅಂದಾಜಲ್ಲ, ತನ್ನ ಅಂಗಡಿಯ ತಕ್ಕಡಿಯಲ್ಲಿ ತಾನೇ ಕೂತು ನೋಡಿದ್ದು. ಮಲಗಿದರೆ ಅವನದೇ ಭಾರ ಅವನ ಎದೆಯ ಮೇಲೆ ಕೂತು ಉಸಿರು ಕಟ್ಟುತ್ತಿತ್ತು. ಆರು ವರ್ಷದಿಂದ ಅವನು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ವೈದ್ಯ ಊಟ ಬಿಡು ಎಂದ. ವ್ಯಾಪಾರಿ ವೈದ್ಯನನ್ನು ಬಿಟ್ಟ. ಆದರೆ ಹೀಗೇ ಇದ್ದರೆ ಒಂದು ದಿನ ಕೂತಲ್ಲೇ ಉಸಿರು ನಿಂತೀತು ಎಂದು ವೈದ್ಯ ಹೇಳಿದ್ದ ಮಾತು ಅವನನ್ನು ಬಿಡಲಿಲ್ಲ. ಬೀದಿಯ ಕೊನೆಯಲ್ಲಿ ಮುಷ್ಟಿಕಾಳಗ ಕಲಿಸುವ ಗರಡಿಯಿತ್ತು. ಅಲ್ಲಿಗೆ ಹೋಗಿ, ಕಲಿಸುವ ಉಸ್ತಾದನಿಗೆ ಹೇಳಿದ.

"ಒಂದು ಸಲ ಬೆನ್ನು ನೆಲಕ್ಕೆ ಹಚ್ಚಿ ಮಲಗಬೇಕು, ಉಸ್ತಾದರೇ."

"ಬೆನ್ನು ನೆಲಕ್ಕೆ ತಾಗಬಾರದೆಂದು ಎಲ್ಲರೂ ಇಲ್ಲಿಗೆ ಬರುತ್ತಾರೆ, ಸಾಹುಕಾರರೇ. ತಾಗಲಿ ಎಂದು ಬಂದವರು ನೀವೊಬ್ಬರೇ," ಎಂದು ಉಸ್ತಾದ ಅವನನ್ನು ಸೇರಿಸಿಕೊಂಡ.

ಆ ಗರಡಿಯಲ್ಲಿ ಒಂದು ಪದ್ಧತಿಯಿತ್ತು. ಹೊಸಬನನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿ, ಇನ್ನೊಂದಕ್ಕೆ ಅವನಷ್ಟೇ ತೂಕದ ಮರಳು ಸುರಿಯುವರು. ಆ ಮರಳನ್ನು ಗೋಣಿಗೆ ತುಂಬಿ ತೊಲೆಗೆ ತೂಗುಹಾಕುವರು. ಅವನು ದಿನವೂ ಅದಕ್ಕೇ ಗುದ್ದಬೇಕು. ಗೋಣಿ ಹರಿದರೆ ಗುದ್ದಿದವನೇ ಹೊಲಿಯಬೇಕು. ಉದುರಿದಷ್ಟು ಮರಳನ್ನು ಹೊಳೆಯಿಂದ ಹೊತ್ತು ತಂದು ತುಂಬಬೇಕು. ಆರು ತಿಂಗಳಿಗೆ ಮನುಷ್ಯನನ್ನೂ ಮೂಟೆಯನ್ನೂ ಮತ್ತೆ ಎದುರುಬದುರು ಇಟ್ಟು ತೂಗುವರು. ಎರಡು ಮಣ ವ್ಯತ್ಯಾಸ ಬಂದರೆ ನಿಮ್ಮ ಕೆಲಸವಾಯಿತು ಎಂದು ಉಸ್ತಾದ ಹೇಳಿದ.

ಮೊದಲ ದಿನ ವ್ಯಾಪಾರಿ ಗುದ್ದಿದಾಗ ಮೂಟೆ ಅಲುಗಲಿಲ್ಲ, ಅವನೇ ಎರಡು ಹೆಜ್ಜೆ ಹಿಂದೆ ಹೋದ. ಹದಿನೈದನೆಯ ದಿನ ಗೋಣಿಯ ಹೊಲಿಗೆ ಸಡಿಲಿತು. ಮೂಟೆಯ ಹೊಟ್ಟೆಯಿಂದ ಮರಳು ನೂಲಿನ ಎಳೆಯಂತೆ ಇಳಿಯತೊಡಗಿತು. ವ್ಯಾಪಾರಿ ಗುದ್ದುವುದನ್ನು ಮರೆತು ನೋಡುತ್ತ ನಿಂತ. ಅದು ತನ್ನ ಹೊಕ್ಕುಳಿಂದಲೇ ಇಳಿಯುತ್ತಿರುವಂತೆ ಅವನಿಗೆ ಹಿತವಾಯಿತು.

ಮಧ್ಯಾಹ್ನ ಅಂಗಡಿಯಲ್ಲಿ ಕೂತು ತೂಕಡಿಸುವಾಗ ಒಂದು ಕನಸು ಬಿತ್ತು. ಅವನ ಮೈಯಿಂದ ಮರಳು ಸದ್ದಿಲ್ಲದೆ ಸುರಿಯುತ್ತಿದೆ. ಅವನು ಅರಳೆಯಂತೆ ಮೇಲೇಳುತ್ತಿದ್ದಾನೆ. ತನ್ನ ಅಂಗಡಿಯ ಹೆಂಚು, ಪೇಟೆಯ ಬೀದಿ, ಹೊಳೆ ಎಲ್ಲವೂ ಕೆಳಗೆ ಉಳಿದವು. ಜನ ಅವನನ್ನು ತೂಗಲು ಕಲ್ಲು ಹುಡುಕುತ್ತಿದ್ದರು. ಅಷ್ಟು ಚಿಕ್ಕ ಕಲ್ಲು ಪೇಟೆಯಲ್ಲೇ ಇರಲಿಲ್ಲ.

ಅಂಗಡಿಯಲ್ಲಿ ಮೂಟೆಯಿಂದ ಬೆಲ್ಲದ ಚೂರು ಉದುರಿದರೆ ದಬ್ಬಳ ಹಿಡಿದು ಓಡುವವನು, ಗರಡಿಯ ಮೂಟೆಗೆ ಮಾತ್ರ ನಾಳೆ ಹೊಲಿದರಾಯಿತು ಎಂದ. ಮರುದಿನವೂ ಹಾಗೇ ಎಂದ. ದಿನವೂ ಗರಡಿಗೆ ಬಂದು ಮೊದಲು ಮೂಟೆಯ ಸೊಂಟ ನೋಡುವನು. ಅದು ಸಣ್ಣಗಾಗುತ್ತಿತ್ತು. ಎಷ್ಟು ಇಳಿದಿರಿ ಎಂದು ಯಾರಾದರೂ ಕೇಳಿದರೆ ಅದರ ಕಡೆ ಕೈ ತೋರಿಸುವನು. ಇಷ್ಟು ಇಳಿದವನಿಗೆ ಒಂದು ಹೋಳಿಗೆ ಹೆಚ್ಚಲ್ಲವೆಂದು ಮನೆಯಲ್ಲಿ ಹಾಕಿಸಿಕೊಳ್ಳುವನು.

ಆರು ತಿಂಗಳು ತುಂಬಿದ ದಿನ ಕಂಕುಳಲ್ಲಿ ಒಂದು ಹೊಸ ಚಾಪೆ ಇಟ್ಟುಕೊಂಡು ಬಂದ. ಅವನು ಕೂತ ತಟ್ಟೆ ನೆಲ ಕಚ್ಚಿತು. ಮೂಟೆಯ ತಟ್ಟೆ ಹಕ್ಕಿಯಂತೆ ಮೇಲೆದ್ದಿತು. ಅದರ ಕಡೆಗೆ ಎರಡು ಮಣದ ಕಲ್ಲು ಇಟ್ಟರೂ ಸಮವಾಗಲಿಲ್ಲ. ಮಾತು ವ್ಯತ್ಯಾಸದ್ದಲ್ಲವೇ ಎಂದು ವ್ಯಾಪಾರಿ ನೆನಪಿಸಿದ. ಉಸ್ತಾದ ಕಲ್ಲುಗಳನ್ನು ಎರಡು ಸಲ ನೋಡಿದ. ನಗಲಿಲ್ಲ.

"ಮೂಟೆ ಚೆನ್ನಾಗಿ ಕಲಿತಿದೆ, ಸಾಹುಕಾರರೇ. ನಾಳೆಯಿಂದ ಅದು ಬರಬೇಕಾಗಿಲ್ಲ."

"ನಾನು?"

"ನೀವು ಬನ್ನಿ."

ವ್ಯಾಪಾರಿ ಚಾಪೆ ಬಿಚ್ಚಲಿಲ್ಲ. ಅದನ್ನು ಮೂಲೆಗೆ ಒರಗಿಸಿ ದಬ್ಬಳ ಕೇಳಿದ. ಹೊಲಿಯುವುದು ಕ್ಷಣದ ಕೆಲಸ. ಹೊಳೆ ದೂರವಿತ್ತು. ತಲೆಯ ಮೇಲೆ ಬುಟ್ಟಿ ಹೊತ್ತು ನಾಲ್ಕು ದಿನ ಮರಳು ತಂದ. ಆಮೇಲೆ ಗುದ್ದಿದ. ಮತ್ತೆ ಹರಿಯಿತು, ಮತ್ತೆ ಹೊಲಿದ, ಮತ್ತೆ ಹೊಳೆಗೆ ನಡೆದ. ಹೋಳಿಗೆಯ ನೆನಪಾಗುವಷ್ಟು ಬಿಡುವು ಸಿಗಲಿಲ್ಲ. ಒಂದು ಬೆಳಿಗ್ಗೆ ಬುಟ್ಟಿ ಇಳಿಸಿ, ಉಸ್ಸೆಂದು ಕೂತು, ಹಾಗೇ ಹಿಂದಕ್ಕೆ ವಾಲಿದ. ಬೆನ್ನು ನೆಲಕ್ಕೆ ತಾಗಿತು. ಗರಡಿಯವರು ತಿರುಗಿ ನೋಡಿದರು. ಅಲ್ಲಿ ಅದು ಸೋಲು. ಉಸ್ತಾದ ಬಾಯಿಗೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿ, ಅವನ ಪಕ್ಕದಿಂದ ಮೆಲ್ಲಗೆ ಆಚೆ ಹೋದ. ಮರೆತ ಚಾಪೆ ಮೂಲೆಯಲ್ಲಿ ಸುತ್ತಿಕೊಂಡೇ ಇತ್ತು. ವ್ಯಾಪಾರಿ ಗೊರಕೆ ಹೊಡೆಯುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ಬಹಳ ಸಂತೋಷವಾಯಿತು. ಇಂಥ ಕತೆಯಿಂದ ಜನರಿಗೆ ತುಂಬ ಉಪಯೋಗವಿದೆ, ನಾಳೆಯ ಪ್ರವಚನದಲ್ಲಿ ಇದನ್ನೇ ಹೇಳುತ್ತೇನೆ ಎಂದ.

ಗುರುಗಳು ಹೇಳಿದರು: "ಜನ ನಾಳೆಯಿಂದ ಬರಬೇಕಾಗಿಲ್ಲ, ಮರುಳಯ್ಯ, ನೀನು ಬಾ."